ಮಗನ ಕಲಿಕೆ ಪರೀಕ್ಷೆ ಎರಡು ಕಡೆ ಮಾಡಿಸಿದೆವು, ನಮ್ಮ ಅನುಭವ ಹೀಗಿದೆ

ನನ್ನ ಮಗ ಮೈಸೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ಮಾತಿನಲ್ಲಿ ಚುರುಕು, ಲೆಕ್ಕ ಬಾಯಲ್ಲೇ ಮಾಡಿಬಿಡುತ್ತಾನೆ, ಆದರೆ ಪುಸ್ತಕ ತೆಗೆದರೆ ಅಳು. ಓದು ಬರಹದಲ್ಲಿ ತೊಂದರೆ ಎಲ್ಲಿದೆ ಅಂತ ತಿಳಿಯಲು ಕಲಿಕೆ ಪರೀಕ್ಷೆ ಮಾಡಿಸಿ ಅಂತ ಟೀಚರ್ ಹೇಳಿದರು. ಎರಡು ಕಡೆ ಮಾಡಿಸಿದೆವು, ಎರಡಕ್ಕೂ ಅಜಗಜಾಂತರ.

ಮೊದಲನೆಯದು ಒಂದು ಕೌನ್ಸೆಲಿಂಗ್ ಸೆಂಟರ್, ಹೆಸರು ಬೇಡ. ಅರ್ಧ ಗಂಟೆಯೊಳಗೆ ಮಗುವನ್ನು ಹೊರಗೆ ಕಳಿಸಿದರು. ಕೇಳಿದ್ದೆಲ್ಲ ಇಂಗ್ಲಿಷಿನಲ್ಲಂತೆ! ವರದಿ ಅಂತ ಕೊಟ್ಟದ್ದು ಒಂದೇ ಹಾಳೆ. ಒಂದು ಐಕ್ಯೂ ಸಂಖ್ಯೆ, ಏಕಾಗ್ರತೆ ಕಡಿಮೆ ಅನ್ನುವ ಸಾಲು, ಕೆಳಗೆ ಅವರದ್ದೇ ಥೆರಪಿ ಪ್ಯಾಕೇಜಿನ ದರ. ಯಾವ ಪರೀಕ್ಷೆ ಮಾಡಿದರು ಅಂತಲೂ ಬರೆದಿರಲಿಲ್ಲ. ಸಹಿ ಹಾಕಿದವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳಿದರೆ ಮಾತು ಹಾರಿಸಿದರು.

ಆ ನಂಬರ್ ಕೇಳಲೇಬೇಕು. ಸೈಕಾಲಜಿಯಲ್ಲಿ ಎಂ.ಎ. ಮಾಡಿದ ಮಾತ್ರಕ್ಕೆ, ಇಂಥ ಪರೀಕ್ಷೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದರ ಮೇಲೆ ಎರಡು ವರ್ಷ ಎಂ.ಫಿಲ್., ಅದೂ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಹಿರಿಯರ ಕೈಕೆಳಗೆ ಪಳಗಬೇಕು, ಆಮೇಲೆ ಆರ್‌ಸಿಐನಲ್ಲಿ ನೋಂದಣಿ. ಇದುವರೆಗಿನ ಮುಖ್ಯ ದಾರಿ ಇದೇ. ಇಂಥ ತರಬೇತಿ ನಮ್ಮ ಬೆಂಗಳೂರಿನಲ್ಲೇ, ಈಗ ನಿಮ್ಹಾನ್ಸ್ ಆಗಿರುವ ಸಂಸ್ಥೆಯಲ್ಲಿ, 1955ರಷ್ಟು ಹಿಂದೆಯೇ ಶುರುವಾಗಿತ್ತು. ವಿಶ್ವವಿದ್ಯಾಲಯಗಳ ಮೇಲಿನ ಆಯೋಗ ಯುಜಿಸಿ ಎಲ್ಲ ಕಡೆ ಎಂ.ಫಿಲ್. ನಿಲ್ಲಿಸಿದಾಗಲೂ ಈ ವಿಷಯಕ್ಕೆ 2025-26ರವರೆಗೆ ಅವಕಾಶ ಉಳಿಸಿತು. ಕೌನ್ಸೆಲರ್‌ಗಳ ಕೆಲಸ ಕಡಿಮೆ ಅಂತ ನಾನು ಹೇಳುತ್ತಿಲ್ಲ, ಆದರೆ ಕಲಿಕೆಯ ತೊಂದರೆ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿ ಬರೆದುಕೊಡುವುದು ಬೇರೆ ಕಸುಬು. ಹೆಸರು ನೋಂದಣಿ ಆಗಿದೆಯಾ ಅಂತ ಆರ್‌ಸಿಐ ವೆಬ್‌ಸೈಟಿನಲ್ಲೇ ಹುಡುಕಬಹುದು.

ಎರಡನೆಯದು ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಸಣ್ಣ ಕ್ಲಿನಿಕ್. ಇವರು ಮಗುವನ್ನು ಮುಟ್ಟುವ ಮೊದಲು ನಮ್ಮನ್ನು ಕೂರಿಸಿಕೊಂಡರು. ಹೆರಿಗೆ ಹೇಗಾಯಿತು, ಯಾವಾಗ ಮಾತಾಡಿದ, ಮನೆಯಲ್ಲಿ ಬೇರೆ ಯಾರಿಗಾದರೂ ಓದು ಕಷ್ಟವಾಗಿತ್ತಾ, ಎಲ್ಲ ಕೇಳಿದರು. ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ ಅಂತ ಕಳಿಸಿದರು. ಸರಿ ತಾನೇ, ಕಿವಿಯೇ ಮಂದವಾಗಿದ್ದರೆ ಓದಿನ ಪರೀಕ್ಷೆಗೆ ಏನರ್ಥ?

ಆಮೇಲೆ ಬೇರೆ ಬೇರೆ ದಿನ ಕೂರಿಸಿ, ಕನ್ನಡದಲ್ಲೇ ಪರೀಕ್ಷೆ ಮಾಡಿದರು. ಬಣ್ಣದ ಬ್ಲಾಕ್‌ಗಳನ್ನು ಚಿತ್ರದಂತೆ ಜೋಡಿಸುವುದು, ಅಂಕಿಗಳನ್ನು ಕೇಳಿಸಿಕೊಂಡು ಹಿಂದುಮುಂದಾಗಿ ಹೇಳುವುದು. ಬಿನೆ-ಕಾಮತ್ ಅನ್ನುವ ಬುದ್ಧಿಮತ್ತೆ ಪರೀಕ್ಷೆಯನ್ನೂ ಮಾಡಿದರು. ಅದನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ ಹೊಂದಿಸಿದ್ದು. ಬಹಳ ಹಳೆಯದು, ಅದೊಂದನ್ನೇ ನೆಚ್ಚಿಕೊಳ್ಳಬಾರದು ಅಂತ ಅವರೇ ಹೇಳಿದರು. ಆ ಮಾತಿನಿಂದ ನನಗೆ ನಂಬಿಕೆ ಜಾಸ್ತಿಯಾಯಿತು.

ಓದಿಸಿ ಬರೆಸಿದ ಹಾಳೆಯನ್ನು ಮುಂದಿಟ್ಟು ವಿವರಿಸಿದ್ದು ನನಗೆ ತುಂಬಾ ಇಷ್ಟವಾಯಿತು. 'ಅಕ್ಕ' ಅಂದರೆ 'ಅಕ' ಅಂತ ಬರೆದಿದ್ದಾನೆ, 'ಹಣ್ಣು' 'ಹಣು' ಆಗಿದೆ. ಒತ್ತಕ್ಷರ ಬಂದಲ್ಲೆಲ್ಲ ಬಿಟ್ಟಿದ್ದಾನೆ, ದೀರ್ಘವೂ ಹಾಗೆಯೇ. ಅದೇ ಪಾಠವನ್ನು ಅವರು ಓದಿ ಹೇಳಿದಾಗ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟಿದ್ದಾನೆ. ಬುದ್ಧಿಗೆ ಏನೂ ಕಮ್ಮಿ ಇಲ್ಲ, ಓದು ಮಾತ್ರ ಒಂದನೇ ಕ್ಲಾಸಿನ ಮಟ್ಟದಲ್ಲಿದೆ ಅಂತ ತೋರಿಸಿದರು. ಸೋಮಾರಿ, ಸೋಮಾರಿ ಅಂತ ಎಲ್ಲರೂ ಬೈದ ಮಗು ಇದು. ನನ್ನ ಹೆಂಡತಿ ಅಲ್ಲೇ ಅತ್ತುಬಿಟ್ಟಳು.

ಶಾಲೆ ಏನು ಮಾಡಬೇಕು ಅಂತಲೂ ವರದಿಯಲ್ಲಿದೆ: ಬೋರ್ಡಿನಿಂದ ನಕಲು ಮಾಡಿಸಬೇಡಿ, ಪ್ರಶ್ನೆ ಓದಿ ಹೇಳಿ, ಸಮಯ ಜಾಸ್ತಿ ಕೊಡಿ. ಇಂಥ ಕಲಿಕೆಯ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಆದರೆ ಆ ಕಾಯ್ದೆಯಡಿ ಬೇಕಾದ ನ್ಯೂನತೆಯ ಸರ್ಟಿಫಿಕೇಟು ಸರ್ಕಾರಿ ವೈದ್ಯಕೀಯ ಪ್ರಾಧಿಕಾರದಿಂದಲೇ ಆಗಬೇಕು, ಖಾಸಗಿ ವರದಿ ಸಾಲದು. ಇದನ್ನು ಅವರು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಿದರು.

ಕೊರತೆ ಇಲ್ಲವೇ ಇಲ್ಲ ಅಂತಲ್ಲ. ಫೀಸು ಮಧ್ಯಮ ವರ್ಗಕ್ಕೆ ಭಾರವೇ. ಸರದಿಗೆ ಕಾಯಬೇಕು. ದುಡ್ಡಿನ ತೊಂದರೆ ಇದ್ದವರು ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕಡೆ ವಿಚಾರಿಸಿ. ಇನ್ನೊಂದು, ಪರೀಕ್ಷೆ ಕನ್ನಡದಲ್ಲಿ ನಡೆದರೂ ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ದಿನಾ ಅವನನ್ನು ಓದಿಸುವ ಅಜ್ಜಿಗೂ, ಕ್ಲಾಸ್ ಟೀಚರಿಗೂ ಅದು ಅರ್ಥವಾಗಬೇಕಲ್ವಾ? ಸಲಹೆಗಳ ಭಾಗವನ್ನಾದರೂ ಕನ್ನಡದಲ್ಲಿ ಬರೆದುಕೊಡಿ ಅಂತ ಕೇಳಿದ್ದೇನೆ, ಒಪ್ಪಿದ್ದಾರೆ.