ಪ್ಯೂರ್ ಸಿಎಸ್‌ಎಸ್: ಏಳು ವರ್ಷ ಬಳಸಿದ ಮೇಲೆ

ದಾವಣಗೆರೆಯ ಮಂಡಿ ವರ್ತಕರೊಬ್ಬರಿಗೆ 2018ರಲ್ಲಿ ಮೆಕ್ಕೆಜೋಳದ ದಿನದ ಧಾರಣೆ ತೋರಿಸುವ ಪುಟ ಮಾಡಿಕೊಡಬೇಕಿತ್ತು. ನೋಡುವವರು ಜಗಳೂರು, ಹರಪನಹಳ್ಳಿ ಕಡೆಯ ರೈತರು. ಸಿಗ್ನಲ್ ಒಂದೇ ಗೆರೆ ಇದ್ದರೂ ಪುಟ ತೆರೆದುಕೊಳ್ಳಬೇಕು ಎಂದು ವರ್ತಕರು ಮೊದಲೇ ಹೇಳಿದ್ದರು. ಅಲ್ಲಿಯವರೆಗೆ ನಾನು ಎಲ್ಲ ಕೆಲಸಕ್ಕೂ ಬೂಟ್‌ಸ್ಟ್ರಾಪ್ ಬಳಸುತ್ತಿದ್ದೆ; ಅದು ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ರೂಪ ಹೇಳುವ ಭಾಷೆಯಲ್ಲಿ, ಬರೆದಿಟ್ಟ ಸಿದ್ಧ ಚೌಕಟ್ಟು. ಆಗ ಅದರ ಮೆನುವಿಗೆ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಕಡತವೂ ಬೇಕಿತ್ತು. ಒಂದು ಕೋಷ್ಟಕ, ಒಂದು ಫಾರಂ, ಮೂರು ಕಾಲಂ ಇರುವ ಪುಟಕ್ಕೆ ಅಷ್ಟು ಹೊರೆ ಏಕೆ ಎನ್ನಿಸಿ ಪ್ಯೂರ್ ಹಿಡಿದೆ. ಯಾಹೂ 2013ರಲ್ಲಿ ಹೊರತಂದ ಈ ಚೌಕಟ್ಟು ಜಿಜಿಪ್ ವಿಧಾನದಲ್ಲಿ ಕುಗ್ಗಿಸಿದರೆ 4 ಕೆಬಿಯೊಳಗೇ ಇರುತ್ತದೆ. ಬೂಟ್‌ಸ್ಟ್ರಾಪ್‌ನ ಸಿಎಸ್‌ಎಸ್ ಒಂದೇ 20 ಕೆಬಿ ದಾಟುತ್ತದೆ.

ಮೊಬೈಲ್‌ನಲ್ಲಿ ಪುಟ ಚೆನ್ನಾಗಿಯೇ ಬಂತು. ತೊಂದರೆ ಕಂಡದ್ದು ಮಂಡಿಯ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ. ತಲೆಬರಹ ನಾನು ಕೊಟ್ಟ ನೋಟೊ ಫಾಂಟಿನಲ್ಲಿ, ಕಾಲಂಗಳೊಳಗಿನ ಅಕ್ಷರ ಮಾತ್ರ ಸಣ್ಣದಾಗಿ, ಬೇರೆಯೇ ರೂಪದಲ್ಲಿ! ಅರ್ಧ ದಿನ ಹುಡುಕಿದೆ. ಪ್ಯೂರ್‌ನ ಗ್ರಿಡ್, ಅಂದರೆ ಪುಟವನ್ನು ಕಾಲಂಗಳಾಗಿ ಹಂಚುವ ಭಾಗ, ತನ್ನ ಕಾಲಂಗಳಿಗೆ ಸಾನ್ಸ್-ಸೆರಿಫ್ ಫಾಂಟನ್ನು ತಾನೇ ಹೇರುತ್ತಿತ್ತು. ಇಡೀ ಪುಟಕ್ಕೆಂದು 'ಬಾಡಿ' ಎಂಬ ಭಾಗಕ್ಕೆ ನಾನು ಕೊಟ್ಟ ಫಾಂಟ್ ಅಲ್ಲಿಗೆ ಇಳಿಯುತ್ತಿರಲಿಲ್ಲ. ಕಾಲಂಗಳ ಕ್ಲಾಸ್‌ಗೂ (ಅವನ್ನು ಗುರುತಿಸುವ ಹೆಸರಿಗೂ) ಅದೇ ಫಾಂಟನ್ನು ಬರೆದಾಗ ಸರಿಹೋಯಿತು. ಕೈಪಿಡಿಯಲ್ಲಿ ಈ ಪರಿಹಾರ ಇದೆ, ನಾನು ಓದಿರಲಿಲ್ಲ. ಇಂಗ್ಲಿಷ್ ಪುಟದಲ್ಲಾದರೆ ಈ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಒತ್ತಕ್ಷರಗಳ ಕನ್ನಡದಲ್ಲಿ ಕೂಡಲೇ ಕಾಣುತ್ತದೆ. ಸಾಲುಗಳ ನಡುವಿನ ಅಂತರವನ್ನೂ 1.7ಕ್ಕೆ ಏರಿಸಿದೆ, ಇಲ್ಲದಿದ್ದರೆ 'ಸ್ತ್ರೀ', 'ಜ್ಯೋತ್ಸ್ನಾ' ಮುಂತಾದವುಗಳ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುವಷ್ಟು ಹತ್ತಿರ ಬರುತ್ತದೆ.

ಅಂದು ನನಗೆ ಪ್ಯೂರ್ ಮೇಲೆ ಬೇಸರ ಬರಲಿಲ್ಲ, ನಂಬಿಕೆ ಬಂತು. ಇಡೀ ಕಡತವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ್ದರಿಂದಲೇ ತಪ್ಪಿನ ಬೇರು ಸಿಕ್ಕಿತು. ಕನ್ನಡದಲ್ಲಿ ಪುಟ ಕಟ್ಟುವವರಿಗೆ ಕೆಬಿ ಲೆಕ್ಕಕ್ಕಿಂತ ಇದು ಮುಖ್ಯ. ಅಷ್ಟಕ್ಕೂ ಒಂದು ಕನ್ನಡ ವೆಬ್ ಫಾಂಟೇ ಈ ಚೌಕಟ್ಟಿನ ಹಲವು ಪಟ್ಟು ತೂಗುತ್ತದೆ. ಧಾರಣೆ ಪುಟದಲ್ಲಿ ತಲೆಬರಹಕ್ಕೆ ಮಾತ್ರ ಅದನ್ನು ಉಳಿಸಿ, ಉಳಿದದ್ದನ್ನು ಫೋನಿನ ಫಾಂಟಿಗೇ ಬಿಟ್ಟಾಗ ಪುಟ ನಿಜವಾಗಿ ಹಗುರವಾಯಿತು.

ಕೊರತೆಗಳಿವೆ. ಕಾಲಂಗಳ ನಡುವೆ ಜಾಗ ತಾನಾಗಿ ಬರುವುದಿಲ್ಲ, ಪ್ಯಾಡಿಂಗ್ ನೀವೇ ಕೊಡಬೇಕು. ಪರದೆಯ ಅಗಲಕ್ಕೆ ಹೊಂದುವ ಗ್ರಿಡ್ ಬೇರೆ ಕಡತದಲ್ಲಿದೆ. ಅದನ್ನು ಸೇರಿಸಲು ಮರೆತರೆ ಮಧ್ಯಮ ಅಗಲದ ಪರದೆಗೆಂದಿರುವ 'ಎಂಡಿ' ಕ್ಲಾಸ್‌ಗಳು ಕೆಲಸ ಮಾಡುವುದೇ ಇಲ್ಲ. ಮಡಚುವ ಮೆನುವಿಗೆ ಜಾವಾಸ್ಕ್ರಿಪ್ಟ್ ನೀವೇ ಬರೆಯಬೇಕು. ಜಾರುವ ಚಿತ್ರಗಳು, ಪಾಪ್-ಅಪ್ ಬೇಕೆನ್ನುವ ಸೀರೆ ಅಂಗಡಿಯವರಿಗೆ ನಾನು ಈಗಲೂ ಬೂಟ್‌ಸ್ಟ್ರಾಪ್ 5 ಹಾಕಿಕೊಡುತ್ತೇನೆ, ಅದಕ್ಕೆ ಜೆಕ್ವೆರಿಯ ಹಂಗೂ ಇಲ್ಲ.

ಹೊಸ ಕೆಲಸಗಳಲ್ಲಿ ವಿನ್ಯಾಸವನ್ನು ಬ್ರೌಸರಿನ ಸಿಎಸ್‌ಎಸ್ ಗ್ರಿಡ್‌ನಲ್ಲೇ ಬರೆದು, ಪ್ಯೂರ್‌ನಿಂದ ಫಾರಂ ಮತ್ತು ಕೋಷ್ಟಕ ಮಾತ್ರ ತೆಗೆದುಕೊಳ್ಳುತ್ತೇನೆ. ಹಾಗೆ ಬಿಡಿಯಾಗಿ ಸಿಗುವುದೂ ಅದರ ಗುಣ. ಧಾರಣೆ ಪುಟ ಮಾತ್ರ ಮೊದಲು ಹಾಕಿದ ಕಡತದಲ್ಲೇ ನಡೆಯುತ್ತಿದೆ. ಅದನ್ನು ಬದಲಿಸುವ ಅಗತ್ಯ ಇನ್ನೂ ಬಂದಿಲ್ಲ.