24 ದಾಟಿದರೆ 34: ಹಳೆಯ ರೋಡ್ ಸೈಕಲ್‌ಗೆ ಹಾಕಿದ ಫ್ರೀವೀಲ್, ಮೂರು ವರ್ಷಗಳ ನಂತರ

ಈ ಫ್ರೀವೀಲ್‌ಗೆ, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲಿಗೆ, ಐದರಲ್ಲಿ ಎಷ್ಟು ಅಂಕ ಎಂದು ಯಾರಾದರೂ ಕೇಳಿದರೆ, ಯಾವ ಏರಿನ ಮಾತು ಎಂದು ನಾನೇ ತಿರುಗಿ ಕೇಳಬೇಕಾಗುತ್ತದೆ. ಕಡಿದಾದ ಏರಿನಲ್ಲಿ ಐದು. ನಿಧಾನವಾಗಿ ಏರುತ್ತಲೇ ಹೋಗುವ ಉದ್ದನೆಯ ರಸ್ತೆಯಲ್ಲಿ ಎರಡು. ಹಿಂದಿನ ರಾತ್ರಿ ನಿದ್ದೆ ಸಾಲದಿದ್ದರೆ ಒಂದು.

ನನ್ನದು ಎಂಬತ್ತರ ದಶಕದ ಉಕ್ಕಿನ ಸೈಕಲ್. ಮುಂದೆ 52 ಮತ್ತು 42 ಹಲ್ಲಿನ ಎರಡು ಚಕ್ರ, ಹಿಂದೆ 14ರಿಂದ 24 ಹಲ್ಲಿನವರೆಗೆ ಆರು ಚಕ್ರ. ಕೊಳ್ಳುವವರೆಲ್ಲರೂ ಇಪ್ಪತ್ತೆರಡರ ಪ್ರಾಯದ ರೇಸ್ ಹುಡುಗರೇ ಎಂದು ಆ ಕಾಲದಲ್ಲಿ ಸೈಕಲ್ ಮಾಡಿದವರು ನಂಬಿದ್ದಂತೆ ಕಾಣುತ್ತದೆ. 42/24ರಲ್ಲಿ, ಅಂದರೆ ಚೈನ್ ಮುಂದೆ 42ರ ಮೇಲೂ ಹಿಂದೆ 24ರ ಮೇಲೂ ಇದ್ದಾಗ, ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 3.7 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 13 ಕಿಲೋಮೀಟರ್. ಶೇಕಡ 10ರ ಏರಿನಲ್ಲಿ ಆ ವೇಗ ಉಳಿಯಬೇಕಾದರೆ, ಸೈಕಲ್ ಸೇರಿ 85 ಕಿಲೋ ತೂಗುವ ನಾನು 300 ವ್ಯಾಟ್‌ಗೂ ಮೀರಿದ ಶಕ್ತಿ ಹಾಕಬೇಕು. ಎಲ್ಲಿಂದ ತರಲಿ? 40 ಸುತ್ತಿಗೆ ಇಳಿಯುತ್ತಿದ್ದೆ, ಎದ್ದು ನಿಂತು ತುಳಿಯುತ್ತಿದ್ದೆ. ಸಂಜೆ ಮೆಟ್ಟಿಲು ಇಳಿಯುವಾಗ ಮಂಡಿ ಅದರ ಲೆಕ್ಕ ಒಪ್ಪಿಸುತ್ತಿತ್ತು.

ಮುಂದಿನ ಚಕ್ರವನ್ನು ಚಿಕ್ಕದು ಮಾಡೋಣವೆಂದರೆ ನನ್ನ ಕ್ರ್ಯಾಂಕಿನಲ್ಲಿ (ಪೆಡಲ್ ಹೊರುವ ತೋಳು) ಮುಂದಿನ ಚಕ್ರದ ಬೋಲ್ಟುಗಳು ಕೂರುವ ವೃತ್ತದ ವ್ಯಾಸ 144 ಮಿಲಿಮೀಟರ್. ಅದಕ್ಕೆ 41 ಹಲ್ಲಿಗಿಂತ ಚಿಕ್ಕದು ಕೂರುವುದೇ ಇಲ್ಲ. 110 ಮಿಲಿಮೀಟರಿನ ಕ್ರ್ಯಾಂಕ್ ಹಾಕಿದರೆ 34 ಹಲ್ಲಿನವರೆಗೂ ಇಳಿಯಬಹುದು. ಆದರೆ ಈ ಸೈಕಲನ್ನು ನಾನು ಕೊಂಡದ್ದೇ ಆ ತೆಳ್ಳಗಿನ, ಕನ್ನಡಿಯಂತೆ ಹೊಳೆಯುವ ಕ್ರ್ಯಾಂಕಿನ ಚೆಲುವಿಗೆ ಮರುಳಾಗಿ. ಅದನ್ನು ಬಿಚ್ಚುವ ಮಾತೇ ಬೇಡ ಎಂದು ಹಿಂದಿನ ಭಾಗಕ್ಕೆ ಕೈ ಹಾಕಿದೆ: ತಿರುಪಿನಲ್ಲಿ ಕೂರುವ, ಏಳು ಚಕ್ರದ 14-34 ಫ್ರೀವೀಲ್. ಹಿಂಬದಿಯಲ್ಲಿ 126 ಮಿಲಿಮೀಟರ್ ಅಗಲವಿರುವ ನನ್ನ ಫ್ರೇಮಿಗೆ ಅದು ತಕರಾರಿಲ್ಲದೆ ಕೂತಿತು.

ತಕರಾರು ಮಾಡಿದ್ದು ಹಳೆಯದು. ಫ್ರೀವೀಲ್ ಎಂಬುದು ತುಳಿದಷ್ಟೂ ಬಿಗಿಯಾಗುತ್ತ ಹೋಗುವ ವಸ್ತು. ನನ್ನದನ್ನು ಹಲವು ದಶಕ ತುಳಿದಿದ್ದರು. ಎರಡು ಕಚ್ಚಿನ ಕೀಲಿಯನ್ನು ಆಕ್ಸಲ್ ನಟ್ಟಿನಿಂದ ಅದುಮಿ ಹಿಡಿದು, ಕೀಲಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇಡೀ ಗಾಲಿಯನ್ನು ಬಸ್ಸಿನ ಸ್ಟಿಯರಿಂಗ್‌ನಂತೆ ತಿರುಗಿಸಿದಾಗ ‘ಠಕ್’ ಎಂದು ಬಿಟ್ಟಿತು. ಹೊಸದನ್ನು ಕೂರಿಸುವಾಗ ತಿರುಪಿಗೆ ಗ್ರೀಸ್ ಹಚ್ಚಲು ಮರೆಯಬೇಡಿ. ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಹಳೆಯ ಡಿರೇಲರ್‌ಗೆ 26 ಹಲ್ಲು ದಾಟಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಬೆಟ್ಟದ ಸೈಕಲ್‌ಗಳಲ್ಲಿ ಬರುವ ಉದ್ದ ತೋಳಿನದು ಬಂತು, ಅದರ ಬೆನ್ನಿಗೇ ಉದ್ದದ ಚೈನ್. ನೋಡಲು ಚೆನ್ನಾಗಿಲ್ಲ. ಸೈಕಲ್ ನಿಲ್ಲಿಸುವಾಗ ಆ ಬದಿಯನ್ನು ಗೋಡೆಗೆ ತಿರುಗಿಸಿಡುವ ಅಭ್ಯಾಸವಾಗಿದೆ.

ಮೊದಲ ವರ್ಷ ಅದರ ಗುಣಗಾನವಲ್ಲದೆ ಬೇರೆ ಮಾತಿರಲಿಲ್ಲ. 42/34ರಲ್ಲಿ ಒಂದು ಸುತ್ತಿಗೆ 2.6 ಮೀಟರ್; ಅದೇ 60 ಸುತ್ತಿಗೆ ಗಂಟೆಗೆ 9 ಕಿಲೋಮೀಟರ್. ಕೂತೇ ಏರಬಹುದು. ಗೇರ್ ಬದಲಿಸುವುದೂ ಒಂದು ಸುಖ. ನನ್ನ ಲಿವರ್‌ಗಳು ಫ್ರೇಮಿನ ಕೆಳಕೊಳವೆಯ ಮೇಲಿವೆ, ಪ್ರತಿ ಗೇರಿಗೂ ಕ್ಲಿಕ್ ಎನ್ನುವ ಹೊಸಕಾಲದ ನಯನಾಜೂಕು ಅವಕ್ಕೆ ಗೊತ್ತಿಲ್ಲ. ಹಿಂದೆ ಆರು ಚಕ್ರವಿದೆಯೋ ಏಳಿದೆಯೋ ಎಂಬ ಚಿಂತೆಯೂ ಅವಕ್ಕಿಲ್ಲ. ತಿರುವು ಕಾಣುತ್ತಿದ್ದಂತೆ ಬಲಗೈ ಕೆಳಗಿಳಿಸುತ್ತೇನೆ. ಅರ್ಧ ಸುತ್ತಿನ ಮಟ್ಟಿಗೆ ಪಾದದ ಭಾರ ತೆಗೆದು ಲಿವರನ್ನು ಹಿಂದಕ್ಕೆ ಎಳೆಯುತ್ತೇನೆ. ಚೈನ್ ಕಟಕಟ ಎಂದು ಗೊಣಗುತ್ತ ದೊಡ್ಡ ಚಕ್ರ ಹತ್ತುತ್ತದೆ. ಆಮೇಲೆ ಲಿವರನ್ನು ಕೂದಲೆಳೆಯಷ್ಟು ಮುಂದಕ್ಕೆ ಬಿಟ್ಟರೆ ಸದ್ದು ಅಡಗಿ ಟೈರಿನ ಸರಸರ ಮಾತ್ರ ಉಳಿಯುತ್ತದೆ. ಆ ಕೂದಲೆಳೆಯ ಹದಕ್ಕಾಗಿಯೇ ಎಷ್ಟೋ ಸಲ ಬೇಡದ ಕಡೆಯೂ ಗೇರ್ ಬದಲಿಸಿದ್ದೇನೆ.

ಎರಡನೆಯ ವರ್ಷ ಬೆಳಗಿನ ಸವಾರಿಗೆ ಉದ್ದನೆಯ, ಶೇಕಡ 5ರ ಏರು ಸೇರಿತು. ಅಲ್ಲಿಂದ ನಮ್ಮಿಬ್ಬರ ಸಂಬಂಧ ಹಳಸಿತು.

ಈ ಫ್ರೀವೀಲ್‌ನ ಹಲ್ಲುಗಳನ್ನು ಎಣಿಸಿ ನೋಡಿ: 14, 16, 18, 20, 22, 24, ಆಮೇಲೆ ಒಮ್ಮೆಲೇ 34. ಆರು ಮೆಟ್ಟಿಲು ಹತ್ತಿಸಿ ಏಳನೆಯದಕ್ಕೆ ಏಣಿ ಕೊಟ್ಟಂತೆ. ಆ ಏರಿನಲ್ಲಿ ನಾನು ಗಂಟೆಗೆ 12 ಕಿಲೋಮೀಟರ್ ಹೋಗುತ್ತೇನೆ. 24ರಲ್ಲಿದ್ದರೆ ನಿಮಿಷಕ್ಕೆ 54 ಸುತ್ತು, ಕೆಸರಿನಲ್ಲಿ ತುಳಿದಂತೆ. 34ಕ್ಕೆ ಹಾಕಿದರೆ 77. ಹೊಲಿಗೆ ಯಂತ್ರದ ಮೇಲೆ ಕೂತಂತೆ. ನನ್ನ ಕಾಲಿಗೆ ಒಗ್ಗಿದ್ದು 64ರ ಆಸುಪಾಸು. ಅದನ್ನು ಕೊಡುವುದು 28ರ ಚಕ್ರ, ಅದೇ ಇದರಲ್ಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಒಂದೇ ಏರಿನಲ್ಲಿ ಹತ್ತು ಸಲ ಆಚೆಗೂ ಈಚೆಗೂ ಜಿಗಿದು, ಪ್ರತಿ ಜಿಗಿತಕ್ಕೂ ಓಟ ಕಳೆದುಕೊಂಡು, ಕೊನೆಗೆ ಹಳೆಯ ಹಾಗೆಯೇ ಎದ್ದು ನಿಂತು ತುಳಿಯುತ್ತೇನೆ. ಟೂರ್ ಡಿ ಫ್ರಾನ್ಸ್‌ನಲ್ಲಿ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಅದಕ್ಕೂ ಮೊದಲು ಗೇರ್ ಬದಲಿಸಲು ಸವಾರರು ಇಳಿದು ಹಿಂದಿನ ಗಾಲಿಯನ್ನೇ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಗೊಣಗುವಾಗ ಇದನ್ನು ನೆನೆಸಿಕೊಳ್ಳುತ್ತೇನೆ. ಸಮಾಧಾನವಾಗುವುದಿಲ್ಲ.

14-28 ಹಾಕಿ ನೋಡಿದೆ. ಆ ಏರು ಹಿತವಾಯಿತು, ಕಡಿದಾದ ಏರಿನಲ್ಲಿ ಮಂಡಿ ಮತ್ತೆ ಮಾತಾಡಿತು. ಮೆಟ್ಟಿಲು ತಪ್ಪದೆ 32ರವರೆಗೆ ಹೋಗುವ ಫ್ರೀವೀಲ್ ಕೂಡ ಸಿಗುತ್ತದೆ. ಬೆಲೆ ನೋಡಿ, ಇದು ನಮ್ಮ ಮನೆಯ ಮಾತಲ್ಲ ಎಂದು ಸುಮ್ಮನಾದೆ.

ಇಷ್ಟಾದ ಮೇಲೂ ಬೈದು ಮುಗಿಸಲು ಮನಸ್ಸು ಬರುವುದಿಲ್ಲ. ಮೂರು ವರ್ಷದ ಮಳೆ, ಧೂಳು ಕಂಡರೂ ಹಲ್ಲುಗಳು ಸವೆದಿಲ್ಲ. ವರ್ಷಕ್ಕೆರಡು ಸಲ ನಾಲ್ಕು ಹನಿ ಎಣ್ಣೆ ಬಿಟ್ಟದ್ದು ಬಿಟ್ಟರೆ ಅದು ಬೇರೇನೂ ಕೇಳಿಲ್ಲ. ನಿಮ್ಮ ದಾರಿ ಬಹುಪಾಲು ಸಮತಟ್ಟಾಗಿದ್ದು, ನಡುವೆ ಒಂದೆರಡು ಗೋಡೆಯಂಥ ಏರುಗಳಿದ್ದರೆ ಕಣ್ಣು ಮುಚ್ಚಿಕೊಂಡು ಕೊಳ್ಳಿ. ಉದ್ದನೆಯ ನಿಧಾನ ಏರುಗಳಿದ್ದರೆ ಅತಿ ಕಡಿಮೆಯ ಗೇರ್ ಯಾವುದು ಎಂದು ನೋಡುವ ಮೊದಲು, ಅದರ ಪಕ್ಕದ್ದು ಯಾವುದು ಎಂದು ನೋಡಿ.

ಕಳೆದ ತಿಂಗಳು ಜೊತೆಗಾರನೊಬ್ಬನ ಸೈಕಲ್ ಪಡೆದು ಅದೇ ಏರು ಹತ್ತಿದೆ. ಮುಂದೆ 48/34, ಹಿಂದೆ 14-28. 34/28 ಎಂದರೆ ನನ್ನ 42/34ಕ್ಕೆ ಹೆಚ್ಚುಕಡಿಮೆ ಸಮ, ನಡುವೆ ಎಲ್ಲೂ ಹಳ್ಳವಿಲ್ಲ. ಹತ್ತಿ ಬಂದು, ಪರವಾಗಿಲ್ಲ ಎಂದಷ್ಟೇ ಹೇಳಿದೆ. ಈಗ 110ರ ಕ್ರ್ಯಾಂಕ್ ಒಂದು ಮನೆಗೆ ಬಂದು, ಬಟ್ಟೆ ಸುತ್ತಿಕೊಂಡು ಕಪಾಟಿನಲ್ಲಿ ಕೂತಿದೆ. ಹಳೆಯದನ್ನು ಬಿಚ್ಚುವ ಪುಲ್ಲರ್ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಹುಡುಕಿಯೂ ಇಲ್ಲ.