ಬೆಳ್ಳಿ ತಂತಿಗೆ ಅಲ್ಟ್ರಾಸಾನಿಕ್ ಸ್ನಾನ: ಎರಡು ವರ್ಷ ಬಳಸಿದ ಮೇಲೆ

ಮನೆಯಲ್ಲಿ ಕೊಲಾಯ್ಡಲ್ ಬೆಳ್ಳಿ, ಅಂದರೆ ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ನೀರು, ಮಾಡಿ ನೋಡಿದವರಿಗೆ ಮಸಿಯ ಕಾಟ ಗೊತ್ತಿರುತ್ತದೆ. ಭಟ್ಟಿ ಇಳಿಸಿದ ನೀರಿನಲ್ಲಿ ಎರಡು ಶುದ್ಧ ಬೆಳ್ಳಿಯ ತಂತಿಗಳನ್ನು ಇಳಿಬಿಟ್ಟು ಡಿಸಿ ವಿದ್ಯುತ್ ಹರಿಸಿದರೆ ತಂತಿಯ ಮೇಲೆ ಬೂದು-ಕಪ್ಪು ಪದರ ಕೂರುತ್ತದೆ. ಹಾಗೆಯೇ ಬಿಟ್ಟರೆ ಅದು ಚಕ್ಕೆಚಕ್ಕೆಯಾಗಿ ದ್ರಾವಣಕ್ಕೆ ಉದುರುತ್ತದೆ. ಉಜ್ಜಿ ಉಜ್ಜಿ ಎರಡು ಜೊತೆ ತಂತಿಗಳನ್ನು ಸೊಟ್ಟಗೆ ಮಾಡಿಕೊಂಡ ಮೇಲೆ ತೊಟ್ಟಿಯ ನೀರಿನಲ್ಲಿ ಶಬ್ದದ ಅಲೆ ಹಾಯಿಸಿ ಕೊಳೆ ಬಿಡಿಸುವ, 40 ಕಿಲೋಹರ್ಟ್ಸ್‌ನ ಪುಟ್ಟ ಅಲ್ಟ್ರಾಸಾನಿಕ್ ಕ್ಲೀನರ್ ಕೊಂಡೆ.

ತಂತಿಗಳನ್ನು ನೇರವಾಗಿ ತೊಟ್ಟಿಗೆ ಹಾಕುವುದಿಲ್ಲ. ತೊಟ್ಟಿಯಲ್ಲಿ ಸಾಮಾನ್ಯ ನೀರು, ಅದರೊಳಗೆ ಗಾಜಿನ ಬೀಕರ್, ಬೀಕರ್‌ನಲ್ಲಿ ಭಟ್ಟಿ ಇಳಿಸಿದ ನೀರು ಮತ್ತು ತಂತಿ. ನಲ್ಲಿ ನೀರಿನ ಕ್ಲೋರೈಡ್ ಬೆಳ್ಳಿಗೆ ತಗುಲಿದರೆ ಹಾಲಿನಂತಹ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಅದಕ್ಕೇ ಈ ಮಡಿ. ಗುಂಡಿ ಒತ್ತಿದೊಡನೆ ಮಸಿ ಹೊಗೆಯಂತೆ ಬಿಟ್ಟುಕೊಳ್ಳುವುದನ್ನು ನೋಡುವುದೇ ಒಂದು ಖುಷಿ. ಶಬ್ದದ ಅಲೆಗಳಿಂದ ಹುಟ್ಟಿದ ಸೂಕ್ಷ್ಮ ಗುಳ್ಳೆಗಳು ಒಡೆಯುವ ರಭಸ ಅದು. ಮೂರು ನಿಮಿಷ ಸಾಕು. ಬಿಗಿಯಾಗಿ ಅಂಟಿದ ಕಲೆ ಮಾತ್ರ ಹೋಗುವುದಿಲ್ಲ, ಅದಕ್ಕೆ ಕೊನೆಗೂ ಬಟ್ಟೆಯೇ ಗತಿ.

ಯಂತ್ರದ ಶಕ್ತಿ ಕುಂದಿದೆಯೇ ಎಂಬ ಅನುಮಾನ ಬಂದಾಗ ತೆಳು ಅಲ್ಯೂಮಿನಿಯಂ ಹಾಳೆಯ ತುಂಡನ್ನು ನೀರಿನಲ್ಲಿ ಇಳಿಬಿಡುತ್ತೇನೆ. ಈಗಲೂ ಅದರ ಮೈತುಂಬ ತೂತು ಬೀಳುತ್ತದೆ.

ನನ್ನ ಪೆದ್ದುತನವನ್ನೂ ಹೇಳಬೇಕು. ತಳದಲ್ಲಿ ಗಸಿ ಕೂತಿದ್ದ ಹಳೆಯ ದ್ರಾವಣವನ್ನೇ ಒಮ್ಮೆ ಈ ಯಂತ್ರದಲ್ಲಿಟ್ಟೆ, ಕಣಗಳು ಒಡೆದು ಸಣ್ಣವಾಗಲಿ ಎಂದು. ಗಸಿ ಮೇಲೆದ್ದಿತು, ಲೇಸರ್ ಕಿರಣ ಹಾಯಿಸಿದಾಗ, ತೇಲುವ ಕಣಗಳು ಬೆಳಕನ್ನು ಚದುರಿಸಿ ಮೂಡಿಸುವ ಗೆರೆ ನೀರಿನೊಳಗೆ ದಪ್ಪವಾಗಿ ಕಂಡಿತು, ನಾನೂ ಬೀಗಿದೆ. ಮರುದಿನ ಎಲ್ಲ ಮತ್ತೆ ತಳಕ್ಕೆ. ಈ ಯಂತ್ರ ಸಡಿಲವಾದ ಗುಂಪನ್ನು ಚದುರಿಸಬಹುದು, ಬೆಳೆದು ಗಟ್ಟಿಯಾದ ಕಣವನ್ನು ಕುಗ್ಗಿಸಲಾರದು.

ಇಷ್ಟು ಚೊಕ್ಕವಾಗಿ ಮಾಡಿದ್ದನ್ನು ಕುಡಿಯುತ್ತೀರಾ ಎಂದು ಕೇಳುವವರಿದ್ದಾರೆ. ಇಲ್ಲ. ತಂತಿ ಥಳಥಳಿಸಿದರೆ ದ್ರಾವಣ ಔಷಧವಾಗುವುದಿಲ್ಲ. ದೇಹದಲ್ಲಿ ಸೇರಿಕೊಂಡ ಬೆಳ್ಳಿಯಿಂದ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುವ ಆರ್ಜಿರಿಯಾ ಸಾಮಾನ್ಯವಾಗಿ ಶಾಶ್ವತ. ವೈದ್ಯರ ಚೀಟಿಯಿಲ್ಲದೆ ಮಾರುವ ಕೊಲಾಯ್ಡಲ್ ಬೆಳ್ಳಿಯ ಔಷಧಗಳನ್ನು ಸುರಕ್ಷಿತ, ಪರಿಣಾಮಕಾರಿ ಎಂದು ಒಪ್ಪಲಾಗದು ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ನನಗೆ ಬೇಕಿರುವುದು ಆ ಲೇಸರ್ ಗೆರೆ, ಅಷ್ಟೇ.

ದೂರುಗಳು ಎರಡು. ಕಿವಿ ಕೊರೆಯುವ ಸದ್ದಿಗೆ ಪಕ್ಕದ ಕೋಣೆಗೆ ಓಡಬೇಕು. ಹೋದ ವರ್ಷದಿಂದ ಟೈಮರ್ ಗುಂಡಿಯನ್ನು ಎರಡು ಸಲ ಒತ್ತಿದರಷ್ಟೇ ಯಂತ್ರಕ್ಕೆ ಎಚ್ಚರ.